ಅಪ್ಪ ಅಮ್ಮ ಕಟ್ಟಿಕೊಟ್ಟ ಬುತ್ತಿ

ಇವತ್ತು ಪಂಡಿತಾ ರಮಾಬಾಯಿಯವರ ಜೀವನವನ್ನ ಧ್ಯಾನಿಸೋಣ.

ಇವರು ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಜನ ವಿರೋಧಿಸಿದರೂ ಬಿಡಲಿಲ್ಲ. ಆ ತಾಯಿ ಬೆಳಗಿನ ಜಾವ ಮಗಳನ್ನ ಎಬ್ಬಿಸಿ ಪಾಠ ಹೇಳಿದರು. ಕುಟುಂಬ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುತ್ತಾ, ಪುರಾಣ ಓದಿ ಬದುಕುತ್ತಿತ್ತು. ನಾನು ರಾಮನಾಥಪುರದವನು. ಕಾವೇರಿ ಮೆಟ್ಟಿಲ ಮೇಲೆ ಯಾತ್ರೆಯ ಕುಟುಂಬಗಳು ಗಂಟು ಬಿಚ್ಚಿ ಕೂರೋದನ್ನ ನೋಡಿ ಬೆಳೆದವನು. ಅದಕ್ಕೇ ಆ ಹುಡುಗಿ ನನ್ನ ಕಣ್ಣಿಗೆ ಕಟ್ಟುತ್ತಾಳೆ.

1870ರ ದಶಕದ ಕ್ಷಾಮದಲ್ಲಿ ಅಪ್ಪ, ಅಮ್ಮ, ಅಕ್ಕ ಒಬ್ಬರ ನಂತರ ಒಬ್ಬರು ತೀರಿಹೋದರು. ಅಮ್ಮನ ಚಟ್ಟ ಹೊರಲು ಜನ ಸಾಲದೆ ಈ ಹುಡುಗಿಯೇ ಹೆಗಲು ಕೊಡಬೇಕಾಯಿತು. ಎತ್ತರ ಸಾಲದೆ ತಲೆ ಮೇಲೆ ಹೊತ್ತಳು.

ಅಣ್ಣನ ಜೊತೆ ಅಲೆದು 1878ರಲ್ಲಿ ಕಲ್ಕತ್ತಾ ಸೇರಿದಾಗ, ಅಮ್ಮ ಕಲಿಸಿದ ಸಂಸ್ಕೃತವೇ ಆಕೆಗೆ ಪಂಡಿತೆ ಅನ್ನೋ ಹೆಸರು ತಂದಿತು. 1880ರಲ್ಲಿ ಅಣ್ಣ ಹೋದ. ಅದೇ ವರ್ಷ ಮದುವೆ. 1882ರಲ್ಲಿ ಗಂಡನೂ ಹೋದ. ಕಂಕುಳಲ್ಲಿ ಮಗು, ಇನ್ನೂ 24 ತುಂಬಿರಲಿಲ್ಲ.

1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಹೊಂದಿದರು. ಆದರೆ ಗಮನಿಸಿ, ಕ್ರೈಸ್ತರಾದ ಮೇಲೆ 1887ರಲ್ಲಿ ಬಂದ ತಮ್ಮ ಇಂಗ್ಲಿಷ್ ಪುಸ್ತಕವನ್ನ ಅರ್ಪಿಸಿದ್ದು ಅಮ್ಮನ ನೆನಪಿಗೆ! 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. 1896–97ರ ಕ್ಷಾಮದಲ್ಲಿ ತಾವೇ ಹೋಗಿ ಹಸಿದ ಹೆಣ್ಣುಮಕ್ಕಳನ್ನ ಕರೆತಂದರು. ಆ ಹಸಿವು ಅವರಿಗೆ ಗೊತ್ತಿತ್ತಲ್ಲ! 1905ರಲ್ಲಿ ಆತ್ಮನ ಉಜ್ಜೀವನ ಇಳಿದು ಬಂದ ಕೇಡಗಾಂವ್‌ನ ಮುಕ್ತಿ ಮಿಷನ್ ಇದೇ. ಹಲ್ಲೆಲೂಯ! 1922ರಲ್ಲಿ ತೀರಿಕೊಳ್ಳುವ ಮೊದಲು ಇಡೀ ಬೈಬಲನ್ನ ಮರಾಠಿಗೆ ತಂದರು. ಹೊಸ ಭಾಷೆಗಳನ್ನ ಕಲಿಯೋ ಆ ಅಭ್ಯಾಸ ಯಾರು ಹಾಕಿದ್ದು? ಅಪ್ಪ ಅಮ್ಮ.

ನಾನು ಬೈಬಲ್ ಕಾಲೇಜಿಗೆ ಹೊರಟಾಗ ಅಪ್ಪ ಮಾತು ಬಿಟ್ಟರು. ನಾಲ್ಕು ವರ್ಷ ನಾನೂ ಫೋನ್ ಮಾಡಲಿಲ್ಲ. ಕರ್ತನಿಗೋಸ್ಕರ ಅಂದುಕೊಂಡೆ, ಆದರೆ ಅದು ನನ್ನ ಹಠ. ಒಂದು ಇಡೀ ರಾತ್ರಿ ಪ್ರಾರ್ಥನೆಯಲ್ಲಿ ಹೊಳೀತು: ನಿದ್ದೆಗೆಟ್ಟು ಕೂರೋದನ್ನ ನಾನು ಕಲಿತದ್ದು ಹೊಗೆಸೊಪ್ಪಿನ ಬ್ಯಾರನ್ ಮುಂದೆ ಬೆಂಕಿ ಕಾಯ್ತಿದ್ದ ಅಪ್ಪನಿಂದ. ಬೆಳಗ್ಗೆ ಫೋನ್ ಮಾಡಿದೆ. ಅಪ್ಪ ಊಟ ಆಯ್ತಾ ಅಂತ ಕೇಳಿದರು, ಅಷ್ಟೇ. ನನಗೆ ಅಷ್ಟು ಸಾಕಾಗಿತ್ತು.

ಮನೆಯಿಂದ ಬರೀ ಗಾಯ ತಂದವರೂ ಇಲ್ಲಿದ್ದೀರಿ. ರಮಾಬಾಯಿ ಹಸಿವನ್ನೂ ತಂದಿದ್ದರು, ಕರ್ತನು ಅದನ್ನೂ ಉಪಯೋಗಿಸಿದನು. ಮದುವೆಯೋ, ಹೊಸ ಕೆಲಸವೋ, ಸೇವೆಯೋ, ಎಲ್ಲಿಗೆ ಹೊರಟರೂ ಆ ಗಂಟನ್ನ ಮೊದಲು ಆತನ ಮುಂದೆ ಬಿಚ್ಚಿ. ಐದನೇ ಆಜ್ಞೆ ಊರು ಬಿಟ್ಟವರಿಗೂ ಇದೆ. ಪ್ರಾರ್ಥಿಸೋಣ. ಆಮೆನ್.