ಕಲ್ಲು ಬಾಯಲ್ಲಿಟ್ಟ ತಾತಯ್ಯನವರು

ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತ ನಪಾಸಾದ ವಾರ ನಾನು ಮನೆಯವರ ಮುಖ ನೋಡಲಾಗದೆ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ, ಚಾಂಪಿಯನ್ ರೀಫ್ಸ್‌ನಲ್ಲಿದ್ದ ಸಹಪಾಠಿಯ ಮನೆಗೆ ಹೋದೆ. ಅವನ ತಂದೆ ಗಣಿ ಕೆಲಸಗಾರರು. ಗೋಡೆಯ ಮೇಲೆ ಒಂದು ಕಪ್ಪುಬಿಳುಪು ಪಟ: ಬಂಡೆಗಳ ನಡುವೆ ಮಂಡಿಯೂರಿದ ಮುದುಕ, ಕೈಯಲ್ಲಿ ಕಲ್ಲು, ಪಕ್ಕದಲ್ಲಿ ಸಿಂಹ. ಜರ್ಮನಿಯ ಡ್ಯೂರರ್ 1496ರ ಸುಮಾರಿಗೆ ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದ ಸಂತ ಜೆರೋಮರ ಚಿತ್ರದ ಪ್ರತಿ ಅದೆಂದು ನಮ್ಮ ಡ್ರಾಯಿಂಗ್ ಮೇಷ್ಟ್ರು ಆಮೇಲೆ ತಿಳಿಸಿದರು. ಜೆರೋಮರು ಬೈಬಲ್ಲನ್ನು ಲ್ಯಾಟಿನ್ನಿಗೆ ತಂದ ದೊಡ್ಡ ವಿದ್ವಾಂಸರು. ಕಾಡಿನಲ್ಲಿ ಕಲ್ಲಿನಿಂದ ಎದೆ ಬಡಿದುಕೊಂಡು ತಪಸ್ಸು ಮಾಡಿದವರು. ಆದರೆ ಆ ಕಲ್ಲು ನೋಡಿ ನನಗೆ ನೆನಪಾದದ್ದು ಕೈವಾರದ ತಾತಯ್ಯನವರು.

ನಾರೇಯಣಪ್ಪನವರು 1726ರಲ್ಲಿ ಕೈವಾರದಲ್ಲಿ ಹುಟ್ಟಿದರೆಂದು ಪ್ರತೀತಿ. ಆ ಊರು 2007ರವರೆಗೂ ನಮ್ಮ ಕೋಲಾರ ಜಿಲ್ಲೆಯಲ್ಲೇ ಇತ್ತು. ಬಳೆ ಮಲಾರ ಹೆಗಲಿಗೇರಿಸಿ ಊರೂರು ತಿರುಗುವುದು ಅವರ ಕಸುಬು. ವ್ಯಾಪಾರ ಮಾತ್ರ ಕೈಹಿಡಿಯಲಿಲ್ಲ. ಕೇಳಿದವರಿಗೆಲ್ಲ ಬಳೆ ತೊಡಿಸಿ ಬರಿಗೈಲಿ ಬರುತ್ತಿದ್ದರಂತೆ; ಮನೆಯಲ್ಲಿ ಮಾತು ಕೇಳಬೇಕಾಗುತ್ತಿತ್ತು. ನಮ್ಮಜ್ಜಿ ಈ ಭಾಗವನ್ನು ತೆಲುಗಿನಲ್ಲಿ ನಗುತ್ತಾ ಹೇಳುವರು. ನನಗೆ ಆ ವಾರ ನಗು ಬರಲಿಲ್ಲ.

ಕೊನೆಗೆ ಗುರುಗಳು ಅವರ ಬಾಯಲ್ಲಿ ಒಂದು ಬೆಣಚುಕಲ್ಲು ಇಟ್ಟು, ಅದು ಕಲ್ಲುಸಕ್ಕರೆಯಾಗುವ ತನಕ ಜಪ ಬಿಡಬಾರದೆಂದು ಹೇಳಿದರಂತೆ. ಬೆಟ್ಟದ ನರಸಿಂಹ ಗುಹೆಯಲ್ಲಿ ವರ್ಷಗಟ್ಟಲೆ ಕೂತರು. ಕಲ್ಲು ಸಿಹಿಯಾಯಿತೋ ಇಲ್ಲವೋ, ನಾನು ಗಣಿತ ನಪಾಸಾದವನು, ಲೆಕ್ಕ ಹಾಕಲಾರೆ. ಗುಹೆಯಿಂದ ಬಂದ ಬಳೆಗಾರರ ಬಾಯಲ್ಲಿ ತೆಲುಗು, ಕನ್ನಡ ಎರಡರಲ್ಲೂ ಪದಗಳು ಹುಟ್ಟಿದವು. ಊರ ದೇವರಾದ ಅಮರನಾರೇಯಣನೇ ಅವುಗಳ ಅಂಕಿತ. ಕಾಲಜ್ಞಾನವೂ ಅವರದೇ. ಎರಡು ಭಾಷೆ ಬೆರೆಸಿ ಮಾತಾಡುವ ನಮ್ಮ ಸೀಮೆಯವರಿಗೆ ಆ ಪದಗಳು ಅರ್ಥ ಹೇಳಿಸಿಕೊಳ್ಳದೆ ಸಿಕ್ಕವು. 1836ರಲ್ಲಿ, ನೂರಹತ್ತನೆಯ ವಯಸ್ಸಿನಲ್ಲಿ, ಜೀವಸಮಾಧಿಯಾದರೆಂದು ಹೇಳುತ್ತಾರೆ.

ಮರುಪರೀಕ್ಷೆಗೆ ಕಟ್ಟುವ ಮುಂಚೆ ಆ ಸಹಪಾಠಿಯನ್ನೂ ಕರೆದುಕೊಂಡು ಕೈವಾರಕ್ಕೆ ಹೋದೆ. ಗುಹೆಯೊಳಗೆ ತಲೆ ತಗ್ಗಿಸಿ ನುಗ್ಗುವಾಗ, ತನ್ನಪ್ಪ ದಿನಾ ಇಳಿಯುವುದು ಇದಕ್ಕಿಂತ ಕತ್ತಲೆಗೆ ಎಂದು ಅವನು ತಮಿಳಿನಲ್ಲಿ ಗೊಣಗಿದ. ಹೊರಗೆ ಬಂದು ಇಬ್ಬರೂ ಕಲ್ಲುಸಕ್ಕರೆ ಕೊಂಡು ತಿಂದೆವು.