ಹೆರ್ಮನ್ ಮೋಗ್ಲಿಂಗ್: ಸಂಸ್ಥೆ ಮತ್ತು ವಿಶ್ವಾಸಿಯ ನಡುವೆ

ಕನ್ನಡ ಸಾಹಿತ್ಯ ಚರಿತ್ರೆಯು ಹೆರ್ಮನ್ ಮೋಗ್ಲಿಂಗ್ ಅವರನ್ನು ಮುಖ್ಯವಾಗಿ ಎರಡು ಕಾರಣಗಳಿಗಾಗಿ ನೆನೆಯುತ್ತದೆ. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಬಂದ ‘ಮಂಗಳೂರ ಸಮಾಚಾರ’ ಒಂದು. ನಿವೃತ್ತ ನ್ಯಾಯಾಧೀಶ ಕಾಸಾಮೇಜರ್ ಅವರ ಧನಸಹಾಯದಿಂದ ಆರಂಭವಾಗಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಮೊದಲಾದವನ್ನು ಅಚ್ಚಿಗೆ ತಂದ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆ ಇನ್ನೊಂದು. ಈ ಎರಡರ ಬಗೆಗೂ ಸಾಕಷ್ಟು ಬರೆಹ ಬಂದಿದೆಯಾದ್ದರಿಂದ ಇಲ್ಲಿ ವಿಸ್ತರಿಸಬೇಕಾಗಿಲ್ಲ. ಅವರು ವೃತ್ತಿಯಿಂದ ಪಾದ್ರಿಯಾಗಿದ್ದರು, ಒಂದು ಸಂಸ್ಥೆಯ ಆಜ್ಞೆಗೆ ಒಳಪಟ್ಟವರಾಗಿದ್ದರು ಎಂಬ ಸಂಗತಿಯನ್ನು ಮಾತ್ರ ನಾವು ಪೀಠಿಕೆಯಲ್ಲಿ ಹೇಳಿ ಮರೆತುಬಿಡುತ್ತೇವೆ. ಸಂಸ್ಥೆಯ ಧರ್ಮಪ್ರಸಾರದ ಯೋಜನೆ ಮತ್ತು ಅದನ್ನು ನಂಬಿ ಬಂದ ಒಬ್ಬೊಬ್ಬ ವ್ಯಕ್ತಿಯ ಪಾಲನೆ, ಇವೆರಡರ ನಡುವಣ ತಿಕ್ಕಾಟದಲ್ಲಿ ಅವರ ಬದುಕು ಸಾಗಿದ ಬಗೆಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೋಗ್ಲಿಂಗ್ ಹುಟ್ಟಿದ್ದು 1811ರ ಮೇ 29ರಂದು, ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್‌ನಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರವನ್ನು ಓದಿ, 1815ರಲ್ಲಿ ಸ್ಥಾಪಿತವಾಗಿದ್ದ ಬಾಸೆಲ್ ಮಿಷನ್ನನ್ನು ಸೇರಿದರು. ಬ್ರಿಟಿಷರಲ್ಲದ ಮಿಷನರಿಗಳಿಗೆ 1833ರ ಸನದು ಕಾಯಿದೆಯು ಭಾರತದ ಬಾಗಿಲನ್ನು ತೆರೆದಿತ್ತು. ಮರುವರ್ಷ ಹೇಬಿಖ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಮೋಗ್ಲಿಂಗ್ ಬಂದದ್ದು 1836ರಲ್ಲಿ. ಬಾಸೆಲ್ ಮಿಷನರಿಗಳಲ್ಲಿ ಬಹುಪಾಲು ಮಂದಿ ರೈತಾಪಿ ಮತ್ತು ಕುಶಲಕರ್ಮಿ ಮನೆಗಳಿಂದ ಬಂದು ಮಿಷನ್ನಿನ ಶಾಲೆಯಲ್ಲಿ ತರಬೇತಾದವರು. ವಿಶ್ವವಿದ್ಯಾಲಯದ ಓದು ಮುಗಿಸಿ ಬಂದ ಮೋಗ್ಲಿಂಗ್ ಅವರಿಗೆ ಸಮಿತಿಯ ಶಿಸ್ತಿನ ಜೊತೆಗಿನ ಸಂಬಂಧ ಮೊದಲಿನಿಂದಲೂ ಅಷ್ಟು ಸರಳವಾಗಿರಲಿಲ್ಲ.

1840ರ ಆಸುಪಾಸಿನ ಒಂದು ಪ್ರಸಂಗವನ್ನು ಗಮನಿಸಬೇಕು. ಹುಬ್ಬಳ್ಳಿ–ಗದಗ ಭಾಗದ ಕಾಲಜ್ಞಾನ ಪರಂಪರೆಯ ಅನುಯಾಯಿಗಳು ಗುಂಪುಗುಂಪಾಗಿ ಕ್ರೈಸ್ತಮತಕ್ಕೆ ಬರುವರೆಂಬ ನಿರೀಕ್ಷೆ ಮಿಷನರಿಗಳಲ್ಲಿ ಹುಟ್ಟಿತು. ಅವರಿಗಾಗಿ ಬೆಟಗೇರಿಯ ಸಮೀಪದ ಮಲಸಮುದ್ರದಲ್ಲಿ ಒಂದು ಕೃಷಿ ವಸತಿಯನ್ನು ಏರ್ಪಡಿಸಲಾಯಿತು. ಭೂಮಿ ಸಿದ್ಧವಾಯಿತು; ನಿರೀಕ್ಷಿಸಿದ ಜನ ಬರಲಿಲ್ಲ. ಈ ಆಸೆಯಲ್ಲಿ ಮೋಗ್ಲಿಂಗ್ ಅವರದೂ ದೊಡ್ಡ ಪಾಲಿತ್ತು ಎಂಬುದನ್ನು ಮರೆಮಾಚಬೇಕಾಗಿಲ್ಲ. ಸಮುದಾಯವನ್ನು ಸಗಟಾಗಿ ಕಾಣುವ ದೃಷ್ಟಿ ಬಾಸೆಲ್ ಕಚೇರಿಗೆ ಮಾತ್ರ ಸೀಮಿತವಾಗಿರಲಿಲ್ಲ. ಅದು ತರುಣ ಮೋಗ್ಲಿಂಗ್ ಅವರಲ್ಲೂ ಇತ್ತು.

ಆ ದೃಷ್ಟಿಯನ್ನು ಅಲುಗಾಡಿಸಿದವರು ಆನಂದರಾವ್ ಕೌಂಡಿನ್ಯರು. ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಈ ಸಾರಸ್ವತ ಬ್ರಾಹ್ಮಣ ತರುಣರು ಮತ್ತಿಬ್ಬರೊಡನೆ 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ಕೋಲಾಹಲವೇ ಎದ್ದಿತು. ಮಿಷನ್ನಿನ ದೃಷ್ಟಿಯಲ್ಲಿ ಅದೊಂದು ದಿಗ್ವಿಜಯ. ಯುರೋಪಿನ ದಾನಿಗಳ ಮುಂದೆ ಇಡಬಹುದಾದ ಮಹತ್ವದ ಸುದ್ದಿ. ಆದರೆ ದೀಕ್ಷೆಯ ಮರುದಿನದಿಂದ ಆ ತರುಣರು ಉಣ್ಣುವುದೆಲ್ಲಿ, ಮಲಗುವುದೆಲ್ಲಿ, ಯಾರನ್ನು ತನ್ನವರೆಂದು ಕರೆಯುವುದು? ತಮ್ಮ ಹೆಸರಾದ ಹೆರ್ಮನ್ ಎಂಬುದನ್ನೇ ಕೌಂಡಿನ್ಯರಿಗೆ ಕೊಟ್ಟ ಮೋಗ್ಲಿಂಗ್, ಅವರನ್ನು ಬಾಸೆಲ್ಲಿಗೆ ಕರೆದೊಯ್ದರು. 1846ರಿಂದ 1851ರವರೆಗೆ ಅಲ್ಲಿ ಓದಿದ ಕೌಂಡಿನ್ಯರು ಗುರುದೀಕ್ಷೆ ಪಡೆದು ಮರಳಿದರು. ಅವರು ಎಳವೆಯಲ್ಲಿ ಕೈಹಿಡಿದ ಹೆಂಡತಿ ಮಾತ್ರ ತವರಿನ ಧರ್ಮದಲ್ಲೇ ಉಳಿದರು. ಕೌಂಡಿನ್ಯರು ಜರ್ಮನಿಯ ಮಾರೀ ರೈನ್‌ಹಾರ್ಟ್ ಅವರನ್ನು ಮದುವೆಯಾದದ್ದು 1860ರಲ್ಲಿ. ಮಿಷನ್ನಿನ ಚರಿತ್ರೆಗಳು ಮತಾಂತರದ ದಿನಕ್ಕೆ ಕೊಡುವಷ್ಟು ಜಾಗವನ್ನು ಆ ನಡುವಣ ಹದಿನಾರು ವರ್ಷಗಳಿಗಾಗಲಿ, ಹಿಂದೆ ಉಳಿದ ಹೆಣ್ಣಿಗಾಗಲಿ ಕೊಡುವುದಿಲ್ಲ.

ಇಷ್ಟರಲ್ಲಿ ಬಾಸೆಲ್ಲಿನಲ್ಲಿಯೂ ಪರಿಸ್ಥಿತಿ ಬದಲಾಯಿತು. 1850ರಲ್ಲಿ ಇನ್‌ಸ್ಪೆಕ್ಟರ್ ಪದವಿಗೆ ಬಂದ ಯೋಸೆಫ್ ಯೋಸೆನ್‌ಹಾನ್ಸ್ 1851–52ರಲ್ಲಿ ಭಾರತದ ಕೇಂದ್ರಗಳನ್ನೆಲ್ಲ ಸ್ವತಃ ಸುತ್ತಿ, ಆಡಳಿತವನ್ನು ಒಂದೇ ಅಚ್ಚಿಗೆ ಎರಕಹೊಯ್ದರು. ಯಾರು ಎಲ್ಲಿರಬೇಕು, ಯಾವ ಕೆಲಸ ಮಾಡಬೇಕು, ಯಾರನ್ನು ಯಾವಾಗ ಮದುವೆಯಾಗಬೇಕು ಎಂಬುದೆಲ್ಲ ಸಮಿತಿಯ ತೀರ್ಮಾನಕ್ಕೆ ಸೇರಿತು. ಮಿಷನರಿಗಳ ಮಕ್ಕಳು ತಂದೆತಾಯಿಗಳನ್ನು ಅಗಲಿ ಯುರೋಪಿನಲ್ಲಿ ಬೆಳೆಯಬೇಕೆಂಬ ನಿಯಮವೂ 1853ರಲ್ಲಿ ಬಂದಿತು. ಸಭೆಯ ಸದಸ್ಯರು ಕೇಂದ್ರವಾರು ಕೋಷ್ಟಕಗಳಲ್ಲಿ ಅಂಕಿಗಳಾದರು. ಈ ವ್ಯವಸ್ಥೆಯನ್ನು ಕೇವಲ ದೂಷಿಸುವುದು ನ್ಯಾಯವಲ್ಲ. ಮನೆ, ಜಾತಿ, ಕಸುಬುಗಳನ್ನು ಒಮ್ಮೆಗೇ ಕಳೆದುಕೊಂಡವರಿಗೆ ಮಗ್ಗವನ್ನೂ, 1865ರಿಂದ ಮಂಗಳೂರಿನ ಹೆಂಚಿನ ಕಾರ್ಖಾನೆಯನ್ನೂ ಒದಗಿಸಿದ್ದು ಇದೇ ಶಿಸ್ತು. ಆದರೆ ಆತ್ಮದ ಕುರುಬನೂ ಕೂಲಿ ಕೊಡುವ ಧಣಿಯೂ ಒಂದೇ ಸಂಸ್ಥೆಯಾದಾಗ, ವಿಶ್ವಾಸಿ ತನ್ನ ಅಳಲನ್ನು ತೋಡಿಕೊಳ್ಳಲು ಹೊರಗೊಂದು ಬಾಗಿಲು ಉಳಿಯುವುದಿಲ್ಲ.

ಮೋಗ್ಲಿಂಗ್ ಅವರ ಬದುಕಿನ ನಿರ್ಣಾಯಕ ತಿರುವು ಈ ಸಂದರ್ಭದಲ್ಲೇ ಬಂದದ್ದು ಗಮನಾರ್ಹ. ಆರೋಗ್ಯ ಕೆಟ್ಟು, 1852ರಲ್ಲಿ ಅವರು ಸ್ವದೇಶಕ್ಕೆ ಮರಳುವ ಸಿದ್ಧತೆಯಲ್ಲಿದ್ದರು. ಆಗ ಕೊಡಗಿನ ಅಲ್ಮಂಡ ಮನೆತನದ ಸೋಮಯ್ಯ ಎಂಬವರು ದೀಕ್ಷೆಯನ್ನು ಬಯಸಿ ಮಂಗಳೂರಿಗೆ ಬಂದರು. ಸ್ತೆಫಾನ ಎಂಬ ಹೊಸ ಹೆಸರು ಪಡೆದರು. ಕೊಡಗಿನಲ್ಲಿ ಆಗ ಬಾಸೆಲ್ ಮಿಷನ್ನಿನ ಕೇಂದ್ರವಿರಲಿಲ್ಲ. ಒಕ್ಕವೇ ವ್ಯಕ್ತಿಯ ಗುರುತಾಗಿದ್ದ ಸಮಾಜಕ್ಕೆ ಸೋಮಯ್ಯನವರು ಒಂಟಿಯಾಗಿ ಮರಳಬೇಕಿತ್ತು. ಸಂಸ್ಥೆಯ ತರ್ಕದಂತೆ ಎರಡೇ ದಾರಿಗಳಿದ್ದವು: ಅವರನ್ನು ಮಂಗಳೂರಿನ ಸಭೆಯಲ್ಲಿ ಇರಿಸಿಕೊಳ್ಳುವುದು, ಇಲ್ಲವೇ ಅವರ ಪಾಡಿಗೆ ಬಿಡುವುದು. ಮೋಗ್ಲಿಂಗ್ ಮೂರನೆಯದನ್ನು ಆರಿಸಿದರು. ಊರಿಗೆ ಹೊರಟಿದ್ದವರು ಪ್ರಯಾಣವನ್ನು ಕೈಬಿಟ್ಟು, ಸೋಮಯ್ಯನವರೊಡನೆ ಘಟ್ಟ ಹತ್ತಿ 1853ರಲ್ಲಿ ಅಲ್ಮಂಡಕ್ಕೆ ಹೋದರು. ಒಂದು ಪ್ರಾಂತದಲ್ಲಿ ಮಿಷನ್ ಆರಂಭವಾದದ್ದು ಒಬ್ಬ ಮನುಷ್ಯನ ಬೆನ್ನಿಗೆ ನಿಲ್ಲಬೇಕೆಂಬ ಕಾರಣಕ್ಕೆ. ಕೊಡಗು ಮಿಷನ್ ಮೊದಲ ಕೆಲವು ವರ್ಷ ಬಾಸೆಲ್ಲಿನ ಲೆಕ್ಕಪುಸ್ತಕಕ್ಕೆ ಹೊರಗಾಗಿಯೇ, ಮೋಗ್ಲಿಂಗ್ ಅವರ ಸ್ವಂತ ಹೊಣೆಯಲ್ಲಿ ನಡೆಯಿತು. 1855ರಲ್ಲಿ ಪ್ರಕಟವಾದ ಅವರ ‘ಕೂರ್ಗ್ ಮೆಮಾಯಿರ್ಸ್’ ಈ ಪರ್ವದ ಫಲ. ಕೊಡಗಿನ ಚರಿತ್ರೆಯ ಆಕರವೆಂದು ಅದನ್ನು ಓದುವ ನಾವು, ಲೇಖಕರು ಅಲ್ಲಿಗೆ ಹೋದದ್ದೇಕೆ ಎಂದು ಕೇಳುವುದು ಅಪರೂಪ.

ಸೋಮಯ್ಯನವರನ್ನು ಹಿಂಬಾಲಿಸಿ ಕೊಡವರು ದೊಡ್ಡ ಸಂಖ್ಯೆಯಲ್ಲಿ ಬರಲಿಲ್ಲ. ಬಂದವರು ಹೊಲೆಯರು, ತಲೆಮಾರುಗಳಿಂದ ಜಮ್ಮದ ಭೂಮಿಗೆ ಜೀತಕ್ಕೆ ಕಟ್ಟುಬಿದ್ದವರು. ದೀಕ್ಷೆ ಪಡೆದ ಮೇಲೆ ಒಡೆಯರ ನೆಲದಲ್ಲಿ ಅವರಿಗೆ ಇರವು ಕಷ್ಟವಾಯಿತು. ಆಗ ನೆರವಾದವರು ಕೌಂಡಿನ್ಯರು. ತಮ್ಮ ಸ್ವಂತ ಹಣವನ್ನು ತೊಡಗಿಸಿ ನೆಲ ಪಡೆದು ಕಾಫಿ ತೋಟ ಹಾಕಿಸಿದರು; ಅವರ ಹೆಸರಿನಲ್ಲೇ ಆನಂದಪುರ ಎಂಬ ಊರು ಎದ್ದಿತು. ಸಾರಸ್ವತ ಮನೆಯೊಂದರ ಸೊತ್ತು ಕೊಡಗಿನ ಹೊಲೆಯರ ನೆಲೆಯಾದ ಈ ಘಟನೆ ಹತ್ತೊಂಬತ್ತನೆಯ ಶತಮಾನದ ಕರ್ನಾಟಕದ ಸಾಮಾಜಿಕ ಚರಿತ್ರೆಯಲ್ಲಿ ಹೆಚ್ಚಿನ ಅಧ್ಯಯನಕ್ಕೆ ಅರ್ಹವಾದದ್ದು. ಇಲ್ಲಿಯೂ ಪ್ರಶ್ನೆಗಳಿಲ್ಲದಿಲ್ಲ: ಜೀತದಿಂದ ಬಿಡುಗಡೆಯಾದವರು ತೋಟದ ಕೂಲಿಗಳಾದರು, ತೋಟದೊಡೆಯರೇ ಸಭಾಪಾಲಕರಾದರು. ಮಂಗಳೂರಿನ ಕಾರ್ಖಾನೆಯಲ್ಲಿ ಕಂಡ ತೊಡಕು ಆನಂದಪುರದಲ್ಲೂ ತಪ್ಪಲಿಲ್ಲ. ಆದರೆ ಧಣಿಯೂ ಅದೇ ಊರಿನಲ್ಲಿದ್ದು, ಕಾಯಿಲೆ ಕಸಾಲೆಗಳಿಗೆ ಕಣ್ಣಮುಂದೆಯೇ ಇದ್ದರೆಂಬ ವ್ಯತ್ಯಾಸ ಸಣ್ಣದಲ್ಲ.

1850ರ ದಶಕದ ಕೊನೆಯ ಹೊತ್ತಿಗೆ ಕೊಡಗಿನ ಕೆಲಸವನ್ನು ಬಾಸೆಲ್ ಮಿಷನ್ ತನ್ನ ತೆಕ್ಕೆಗೆ ತೆಗೆದುಕೊಂಡಿತು. ಒಬ್ಬ ವ್ಯಕ್ತಿಯ ಹಟದಿಂದ ಹುಟ್ಟಿದ್ದು ಸಂಸ್ಥೆಯ ನಕ್ಷೆಯಲ್ಲೊಂದು ಚುಕ್ಕೆಯಾಯಿತು. ಆನಂದಪುರದಂಥ ಊರು ದಾನದ ಹಣವಿಲ್ಲದೆ ಬಹುಕಾಲ ಬಾಳಲಾರದು. ಮೋಗ್ಲಿಂಗ್ ಅವರ ಕ್ರಮವನ್ನು ಮೆಚ್ಚುವವರು ಈ ಮಿತಿಯನ್ನೂ ಒಪ್ಪಬೇಕಾಗುತ್ತದೆ. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಆ ಮನ್ನಣೆ ಸಂದದ್ದು ಕನ್ನಡ ವಿದ್ವತ್ತಿಗೆ, ಅಲ್ಮಂಡದ ಯಾತ್ರೆಗಲ್ಲ.

ಗೆಳೆಯ ವೈಗ್ಲೆ ತೀರಿಕೊಂಡ ಮೇಲೆ ಅವರ ಪತ್ನಿ ಪೌಲಿನೆಯವರನ್ನು ಮೋಗ್ಲಿಂಗ್ ಮದುವೆಯಾಗಿದ್ದರು. ಆಕೆಯ ಅನಾರೋಗ್ಯದಿಂದಾಗಿ 1860ರಲ್ಲಿ ಅವರು ಭಾರತವನ್ನು ಬಿಟ್ಟರು; ಮತ್ತೆ ಬರಲಾಗಲಿಲ್ಲ. ಜರ್ಮನಿಯಲ್ಲಿದ್ದು ದಾಸರ ಪದಗಳನ್ನೂ ಜೈಮಿನಿ ಭಾರತದ ಭಾಗಗಳನ್ನೂ ಜರ್ಮನ್ ಓದುಗರಿಗೆ ಪರಿಚಯಿಸಿದರು. 1881ರ ಮೇ 10ರಂದು ಎಸ್ಲಿಂಗನ್‌ನಲ್ಲಿ ನಿಧನರಾದರು. ಕೌಂಡಿನ್ಯರು ಆನಂದಪುರದ ನಂಟನ್ನು ಬಿಡಲಿಲ್ಲ. 1893ರಲ್ಲಿ ಕೊನೆಯುಸಿರೆಳೆದದ್ದೂ ಅಲ್ಲಿಯೇ.