ದೇಶದ್ರೋಹಿ ಅನ್ನಿಸಿಕೊಂಡವನು ಹೊಲ ಕೊಂಡ ಕತೆ

ಕ್ರಿ.ಪೂ. 604ರ ಹೊತ್ತಿನ ಚಳಿಗಾಲ. ಯೆಹೂದದ ಅರಸ ಯೆಹೋಯಾಕೀಮ ಅಗ್ಗಿಷ್ಟಿಕೆ ಮುಂದೆ ಕೂತಿದ್ದಾನೆ. ಅವನೆದುರು ಒಬ್ಬ ಸುರುಳಿಯೊಂದನ್ನು ಓದುತ್ತಿದ್ದಾನೆ. ಮೂರ್ನಾಲ್ಕು ಅಂಕಣ ಮುಗಿದಂತೆಲ್ಲ ಅರಸ ಅಷ್ಟನ್ನು ಚೂರಿಯಿಂದ ಕತ್ತರಿಸಿ ಬೆಂಕಿಗೆ ಹಾಕುತ್ತಾನೆ. ಗೆಮರ್ಯ ಎಂಬ ಅಧಿಕಾರಿ ಬೇಡ ಅಂತ ಬೇಡಿಕೊಂಡರೂ ಕೇಳೋದಿಲ್ಲ. ಪುಸ್ತಕ ನಿಷೇಧದ ಸುದ್ದಿ ಬಂದಾಗಲೆಲ್ಲ ಬೈಬಲಿನ ಈ ದೃಶ್ಯ ನನಗೆ ನೆನಪಾಗುತ್ತೆ.

ಸುರುಳಿ ಬರೆಸಿದವನು ಯೆರೆಮೀಯ. ಯೆರೂಸಲೇಮಿನ ಹತ್ತಿರದ ಅನಾತೋತ್ ಊರಿನ ಪುರೋಹಿತರ ಮನೆಯ ಹುಡುಗ. ಅರಸ ಯೋಷೀಯನ 13ನೇ ವರ್ಷದಲ್ಲಿ ದೇವರ ಕರೆ ಬಂದಾಗ, ನಾನಿನ್ನೂ ಚಿಕ್ಕವನು, ಮಾತಾಡೋಕೆ ಬರಲ್ಲ ಅಂತ ಹಿಂಜರಿದವನು. ಮುಂದೆ ಸುಮಾರು 40 ವರ್ಷ ಮಾತಾಡುತ್ತಲೇ ಇದ್ದ. ದೇವಾಲಯ ಇದೆ ಅಂದಮಾತ್ರಕ್ಕೆ ನೀವು ಸುರಕ್ಷಿತರಲ್ಲ. ಪರದೇಶಿ, ಅನಾಥ, ವಿಧವೆಯರನ್ನು ತುಳಿದರೆ ದೇವಾಲಯವೂ ಉಳಿಯೋದಿಲ್ಲ ಅಂದ. ಇಂಥದ್ದೇ ಮಾತಾಡಿದ ಊರೀಯ ಎಂಬ ಇನ್ನೊಬ್ಬ ಪ್ರವಾದಿ ಈಜಿಪ್ಟಿಗೆ ಓಡಿಹೋದರೂ ಅವನನ್ನು ಹಿಡಿದು ತರಿಸಿ ಕೊಲ್ಲಿಸಿದವನು ಇದೇ ಯೆಹೋಯಾಕೀಮ.

ಇಂಜಿನಿಯರಿಂಗ್ ಓದಿದ ನನಗೆ ಒಂದು ವಿಷಯ ಗೊತ್ತು: ಪ್ರೆಶರ್ ಗೇಜ್ ಒಡೆದುಹಾಕಿದರೆ ಬಾಯ್ಲರಿನ ಒತ್ತಡ ಇಳಿಯೋದಿಲ್ಲ. ಯೆರೆಮೀಯ ಲಿಪಿಕಾರ ಬಾರೂಕನನ್ನು ಕೂರಿಸಿಕೊಂಡು ಸುಟ್ಟಿದ್ದೆಲ್ಲವನ್ನೂ ಮತ್ತೆ ಬರೆಸಿದ. ಇನ್ನಷ್ಟು ಸೇರಿಸಿಯೇ ಬರೆಸಿದ.

ಮುಂದಿನದು ನುಂಗಲು ಕಷ್ಟದ ಭಾಗ. ಬ್ಯಾಬಿಲೋನಿನ ಸೇನೆ ಊರಿಗೆ ಮುತ್ತಿಗೆ ಹಾಕಿದಾಗ, ಶರಣಾಗಿ, ಜನ ಬದುಕಿಕೊಳ್ತಾರೆ ಅಂದ. ಸೈನಿಕರ ಎದೆಗುಂದಿಸುವ ದೇಶದ್ರೋಹಿ ಎಂಬ ಪಟ್ಟ ಬಂತು. ಅವನನ್ನು ಕೆಸರು ತುಂಬಿದ ಬಾವಿಗೆ ಇಳಿಸಿದರು. ಹಗ್ಗ, ಕಂಕುಳಿಗೆ ಹಳೇ ಬಟ್ಟೆ ಕೊಟ್ಟು ಮೇಲೆತ್ತಿದವನು ಕೂಷ್ ದೇಶದ ಎಬೆದ್ಮೆಲೆಕ. ಅರಮನೆಯ ಸೇವಕ, ಹೊರಗಿನವನು. ಅರಸ ಚಿದ್ಕೀಯ ಮಾತ್ರ ಯೆರೆಮೀಯನನ್ನು ಗುಟ್ಟಾಗಿ ಕರೆಸಿ ಸಲಹೆ ಕೇಳುತ್ತಿದ್ದ. ಕೇಳಿದಂತೆ ನಡೆಯುವ ಧೈರ್ಯ ಅವನಿಗಿರಲಿಲ್ಲ.

ಅದೇ ಮುತ್ತಿಗೆಯ ನಡುವೆ, ಸೆರೆಯಲ್ಲಿದ್ದುಕೊಂಡೇ, ಯೆರೆಮೀಯ ಅನಾತೋತಿನಲ್ಲಿ ಸಂಬಂಧಿಕನ ಹೊಲವನ್ನು 17 ಶೆಕೆಲ್ ಬೆಳ್ಳಿಗೆ ಕೊಂಡ! ಶತ್ರುಸೇನೆ ಬೀಡುಬಿಟ್ಟ ನಾಡಲ್ಲಿ ಸೈಟು ಕೊಳ್ಳೋರು ಯಾರು ಹೇಳಿ? ಸಾಕ್ಷಿಗಳ ರುಜು ಹಾಕಿಸಿ, ಪತ್ರವನ್ನು ಮಣ್ಣಿನ ಪಾತ್ರೆಯಲ್ಲಿ ಜೋಪಾನ ಮಾಡಿಸಿದ. ಊರು ಬೀಳುತ್ತೆ ಎಂದವನೇ, ಇಲ್ಲಿ ಮತ್ತೆ ಜನ ಹೊಲ-ಮನೆ ಕೊಳ್ತಾರೆ ಅಂತಲೂ ನಂಬಿದ್ದ.

ಕ್ರಿ.ಪೂ. 587-586ರ ಸುಮಾರಿಗೆ ಯೆರೂಸಲೇಮ್ ಉರಿದುಹೋಯಿತು. ಬ್ಯಾಬಿಲೋನಿಗೆ ಬಂದರೆ ಚೆನ್ನಾಗಿ ನೋಡಿಕೊಳ್ತೀವಿ, ಇಲ್ಲವಾದರೆ ನಿನ್ನಿಷ್ಟ ಎಂದ ಗೆದ್ದ ಸೇನಾಧಿಪತಿ. ಈ ದೇಶದ್ರೋಹಿ ಆರಿಸಿಕೊಂಡಿದ್ದು ಪಾಳುಬಿದ್ದ ತನ್ನ ನಾಡಲ್ಲಿ ಉಳಿದ ಬಡವರ ಜೊತೆಗಿನ ಬದುಕನ್ನು. ಕೊನೆಗೆ ಅವರೇ ಅವನ ಮಾತು ಕೇಳದೆ ಈಜಿಪ್ಟಿಗೆ ಹೊರಟರು, ಅವನನ್ನೂ ಎಳೆದೊಯ್ದರು. ಬೈಬಲಿನಲ್ಲಿ ಅವನ ಸಾವಿನ ಪ್ರಸ್ತಾಪವಿಲ್ಲ.

1982ರಲ್ಲಿ ಯೆರೂಸಲೇಮಿನ ಉತ್ಖನನದಲ್ಲಿ ಮಣ್ಣಿನ ಮುದ್ರೆಗಳ ಒಂದು ರಾಶಿಯೇ ಸಿಕ್ಕಿತು. ಅವು ಮುಚ್ಚಿಟ್ಟಿದ್ದ ಪತ್ರಗಳು ಊರು ಉರಿದಾಗ ಸುಟ್ಟುಹೋಗಿದ್ದವು. ಮುದ್ರೆಗಳು ಅದೇ ಬೆಂಕಿಯಲ್ಲಿ ಬೆಂದು ಗಟ್ಟಿಯಾಗಿದ್ದವು. ಒಂದರ ಮೇಲಿರುವ ಹೆಸರು ಶಾಫಾನನ ಮಗ ಗೆಮರ್ಯ. ಸುರುಳಿ ಸುಡಬೇಡಿ ಎಂದ ಅಧಿಕಾರಿಯ ಹೆಸರೂ ಅದೇ.

ಯಾರನ್ನಾದರೂ ದೇಶದ್ರೋಹಿ ಅನ್ನುವ ಮುಂಚೆ ನಾನು ಕೇಳಿಕೊಳ್ಳೋದು ಇಷ್ಟೇ: ಊರು ಬಿದ್ದ ಮೇಲೆ ಅಲ್ಲೇ ಉಳಿಯುವವರು ಯಾರು?